ಹರಾಜಿನ ತಮಾಷೆ ಮತ್ತು ನಮ್ಮ ಮಾನ

2022ರ ಜನವರಿ ಮೊದಲ ವಾರ. ಇಶಾ ನಮಾಜು ಮುಗಿಸಿ ಬಂದು ಊಟಕ್ಕೆ ಕುಳಿತಿದ್ದೆ. ಅಕ್ಕನ ಮಗಳು ಫೋನ್ ಮಾಡಿದಳು. ಬೇರೆ ಊರಿನ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ ಹುಡುಗಿ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಬಂದ ದಿನ ತೆಗೆಸಿಕೊಂಡ ಫೋಟೋವನ್ನು ಫೇಸ್‌ಬುಕ್‌ನಲ್ಲಿ ಹಾಕಿಕೊಂಡಿದ್ದಳು. "ಮಾಮೂ, ಆ ಫೋಟೋ ತೆಗೆದುಬಿಡಲಾ?" ಎಂದಳು. ಏಕೆ ಎಂದು ನಾನು ಕೇಳಲಿಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ಇಬ್ಬರೂ ಓದಿದ್ದೆವು. "ತೆಗೆದುಬಿಡು ಬೇಟಾ, ನಮಗ್ಯಾಕೆ ಇಲ್ಲದ ಉಸಾಬರಿ" ಎಂದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, "ಆಯ್ತು" ಎಂದು ಫೋನ್ ಇಟ್ಟಳು.

ಯಾವ ಪಟ್ಟಿಯಲ್ಲೂ ಅವಳ ಹೆಸರಿರಲಿಲ್ಲ. ಇರುವ ಸಂಭವವೂ ಇರಲಿಲ್ಲ. ಆದರೂ ಎಲ್ಲೋ ಕುಳಿತ ನಾಲ್ಕಾರು ಹುಡುಗರ 'ತಮಾಷೆ' ನಮ್ಮ ಮನೆಯ ಒಬ್ಬ ಹುಡುಗಿಯ ನಗುಮುಖವನ್ನು ಅಳಿಸಿಹಾಕಿತು. ಅಳಿಸಲು ಅಪ್ಪಣೆ ಕೊಟ್ಟವನು ನಾನು. ಕಥೆ ಬರೆಯುವವನು, ಸಭೆಗಳಲ್ಲಿ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮಾತನಾಡುವವನು. ಆ ಉತ್ತರ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಈ ಬರಹ ಹುಟ್ಟಿದ್ದು ಅದರಿಂದಲೇ.

ನೆನಪು ಮಾಸಿದವರಿಗಾಗಿ ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. 2021ರ ಮೇ ತಿಂಗಳಲ್ಲಿ, ಈದ್‌ನ ದಿನ, ಯೂಟ್ಯೂಬ್ ಚಾನೆಲ್ ಒಂದರಲ್ಲಿ ಪಾಕಿಸ್ತಾನದ ಹೆಣ್ಣುಮಕ್ಕಳ ಹಬ್ಬದ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತ 'ಬೆಲೆ' ಕೂಗುವ ಕಾರ್ಯಕ್ರಮ ನಡೆಯಿತು. ಅದೇ ಜುಲೈ ತಿಂಗಳಲ್ಲಿ 'ಸುಲ್ಲಿ ಡೀಲ್ಸ್' ಎಂಬ ಆ್ಯಪ್ ಬೆಳಕಿಗೆ ಬಂತು. ಕಂಪ್ಯೂಟರ್ ತಂತ್ರಜ್ಞರು ತಮ್ಮ ಕೆಲಸ ಹಂಚಿಕೊಳ್ಳುವ ಗಿಟ್‌ಹಬ್ ಎಂಬ ತಾಣದಲ್ಲಿ ಅದನ್ನು ಇಟ್ಟಿದ್ದರು. ಎಂಬತ್ತಕ್ಕೂ ಹೆಚ್ಚು ಭಾರತೀಯ ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಅವರ ಖಾತೆಗಳಿಂದಲೇ ಕದ್ದು ಅದರಲ್ಲಿ 'ಮಾರಾಟಕ್ಕೆ' ಇಡಲಾಗಿತ್ತು. ಮಹಿಳೆಯರು ದೂರು ಕೊಟ್ಟರು, ಎಫ್‌ಐಆರ್ ಆಯಿತು. ಆರು ತಿಂಗಳವರೆಗೆ ಒಬ್ಬನ ಬಂಧನವೂ ಆಗಲಿಲ್ಲ. ಆಗದೆ ಉಳಿದ ಆ ಕೆಲಸವೇ ಮುಂದಿನದಕ್ಕೆ ಪರವಾನಗಿಯಾಯಿತು. 2022ರ ಜನವರಿ 1ರಂದು 'ಬುಲ್ಲಿ ಬಾಯಿ' ಎಂಬ ಎರಡನೆಯ ಆ್ಯಪ್ ಬಂತು. ಈ ಸಲ ನೂರಕ್ಕೂ ಹೆಚ್ಚು ಮಹಿಳೆಯರು.

ಆ ಪಟ್ಟಿಗಳಲ್ಲಿ ಯಾರಿದ್ದರು ಎಂಬುದನ್ನು ಗಮನಿಸಬೇಕು. ಪತ್ರಕರ್ತೆಯರು, ವಕೀಲರು, ವಿಮಾನ ಹಾರಿಸುವ ಪೈಲಟ್ ಒಬ್ಬರು, ವಿದ್ಯಾರ್ಥಿನಿಯರು, ಸಾಮಾಜಿಕ ಕಾರ್ಯಕರ್ತೆಯರು. ಮಗನನ್ನು ಹುಡುಕುತ್ತ ವರ್ಷಗಟ್ಟಲೆ ಕೋರ್ಟು, ಠಾಣೆ, ಬೀದಿ ಅಲೆದ, ದೆಹಲಿಯ ಜೆಎನ್‌ಯು ವಿದ್ಯಾರ್ಥಿಯೊಬ್ಬನ ವಯಸ್ಸಾದ ತಾಯಿಯೂ ಇದ್ದರು. ಮಲಾಲಾ ಯೂಸುಫ್‌ಝಾಯಿಯ ಚಿತ್ರವೂ ಇತ್ತು. ಚೆಲುವನ್ನು ನೋಡಿ ಮಾಡಿದ ಆಯ್ಕೆ ಇದಲ್ಲವೆಂಬುದಕ್ಕೆ ಆ ತಾಯಿಯ ಫೋಟೋ ಒಂದೇ ಸಾಕು. ಪಟ್ಟಿಯನ್ನು ಒಟ್ಟು ಹಿಡಿದ ದಾರ ಒಂದೇ: ಇವರೆಲ್ಲ ಮುಸ್ಲಿಮ್ ಹೆಂಗಸರು, ಮತ್ತು ಇವರಲ್ಲಿ ಬಹುಪಾಲು ಮಂದಿ ಮಾತನಾಡುವವರು.

ನಿಜವಾದ ಮಾರಾಟವೇನೂ ನಡೆಯಲಿಲ್ಲ. ಯಾರೂ ಹಣ ಕೊಡಲಿಲ್ಲ, ಪಡೆಯಲಿಲ್ಲ. ಹಾಗಾಗಿ, "ಇದೊಂದು ತಮಾಷೆ, ಹುಡುಗಾಟ, ಇಷ್ಟೊಂದು ರಂಪ ಏಕೆ?" ಎಂದು ಕೇಳಿದವರಿದ್ದರು. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಈ ಪ್ರಶ್ನೆಯನ್ನು ತಳ್ಳಿಹಾಕುವ ಮನಸ್ಸಿಲ್ಲ. ತಮಾಷೆ ಎಂದರೆ ತಮಾಷೆಯಾಗಿಯೇ ಓದೋಣ. ಕವಿತೆಯನ್ನು, ಕಥೆಯನ್ನು ಬಿಡಿಸಿ ನೋಡುವ ಹಾಗೆ ಈ ಆ್ಯಪನ್ನೂ ಒಂದು ಪಠ್ಯವೆಂದು ಬಿಡಿಸಿ ನೋಡೋಣ.

ಮೊದಲು ಹೆಸರು. 'ಸುಲ್ಲಿ' ಎಂಬುದು ಮುಸ್ಲಿಮ್ ಹೆಣ್ಣನ್ನು ಹೀಗಳೆಯಲು ಬಳಸುವ ಬೈಗುಳ. 'ಬುಲ್ಲಿ' ಅದನ್ನೇ ತಿರುಚಿದ್ದು. 'ಬಾಯಿ' ಮಾತ್ರ ಗೌರವದ ಪದ. ಲಕ್ಷ್ಮೀಬಾಯಿ, ಮೀರಾಬಾಯಿ ಎಂದು ನಾವು ಪ್ರೀತಿಯಿಂದ ಕರೆಯುವ ಪದ. ಅರ್ಧ ಬೈಗುಳ, ಅರ್ಧ ಗೌರವ. ಕೈಮುಗಿಯುವಂತೆ ಬಂದು ಕಪಾಳಕ್ಕೆ ಹೊಡೆಯುವ ಉಪಾಯ ಇದು. ಎರಡನೆಯದು ರೂಪ. ಆನ್‌ಲೈನ್ ಅಂಗಡಿಗಳು ದಿನಕ್ಕೊಂದು ಸರಕನ್ನು 'ಇಂದಿನ ಡೀಲ್' ಎಂದು ತೋರಿಸುತ್ತವಲ್ಲ, ಅದೇ ರೂಪವನ್ನು ಇಲ್ಲಿ ಎರವಲು ತಂದಿದ್ದರು. ಮಿಕ್ಸಿ, ಮೊಬೈಲು, ಚಪ್ಪಲಿಯ ಜಾಗದಲ್ಲಿ ಒಬ್ಬ ಹೆಂಗಸು. ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು, ಗುಂಡಿ. ನೋಡುವವನು ಒತ್ತಿದರೆ ಯಾವುದೋ ಒಂದು ಮುಖ ತೆರೆದುಕೊಳ್ಳುತ್ತದೆ. ಯಾವ ಮುಖ ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಕಥೆಗಾರ ಒಂದು ಪಾತ್ರಕ್ಕೆ ಹೆಸರಿಡುವಾಗ ಹತ್ತು ಸಲ ಯೋಚಿಸುತ್ತಾನೆ. ಈ ಹೆಸರಿಗೆ ಈ ಮುಖ, ಈ ಮುಖಕ್ಕೆ ಈ ನೋವು ಎಂದು ಹೊಂದಿಸುತ್ತಾನೆ. ಈ ಪಠ್ಯ ಕೆಲಸ ಮಾಡುವುದು ಇದಕ್ಕೆ ನೇರ ವಿರುದ್ಧವಾಗಿ. ಯಾರಾದರೂ ಆದೀತು, ಎಲ್ಲರೂ ಒಂದೇ ಎಂಬುದೇ ಇದರ ನಗೆ. ಗುಂಡಿ ಒತ್ತಿದ ಕ್ಷಣ ನೋಡುವವನೂ ಬರೆದವನ ಜೊತೆಗಾರನಾಗುತ್ತಾನೆ. ಪಟ್ಟಿಯಲ್ಲಿಲ್ಲದ ನನ್ನ ಅಕ್ಕನ ಮಗಳಿಗೆ ಭಯವಾದದ್ದು ಸುಮ್ಮನೆ ಅಲ್ಲ. 'ಯಾರಾದರೂ ಆದೀತು' ಎಂಬ ಮಾತು ಅವಳಿಗೆ ಸರಿಯಾಗಿಯೇ ತಲುಪಿತ್ತು.

ತಮಾಷೆ ಎಂಬ ಪದದ ಬಗ್ಗೆಯೂ ಒಂದು ಮಾತು. ಉರ್ದುವಿನಲ್ಲಿ 'ತಮಾಷಾ' ಎಂದರೆ ಮುಖ್ಯವಾಗಿ ನೋಟ, ಜನ ನೆರೆದು ನೋಡುವ ಸಂಗತಿ. ಕನ್ನಡಕ್ಕೆ ಬಂದಾಗ ಅದು ನಗೆಯಾಟವಾಯಿತು. 'ತಮಾಷಾ ದೇಖ್ನಾ' ಎಂದು ಉರ್ದುವಿನಲ್ಲಿ ಬೈಯುವುದು ಕೈಕಟ್ಟಿ ನಿಂತವರನ್ನು. ಈ ಪ್ರಕರಣಕ್ಕೆ ಎರಡು ಭಾಷೆಗಳ ಅರ್ಥವೂ ಹೊಂದುತ್ತದೆ. ನಕ್ಕವರು ಕೆಲವರು, ನೋಡುತ್ತ ನಿಂತವರು ಹಲವರು.

ನಗುವಿನ ಮೇಲೆ ನನಗೆ ಹಗೆಯಿಲ್ಲ. ನಾನು ಬೆಳೆದ ಎರಡು ಭಾಷೆಗಳೂ ನಗೆಯ ಭಾಷೆಗಳು. ಲಖನೌನಲ್ಲಿ 1877ರಲ್ಲಿ 'ಅವಧ್ ಪಂಚ್' ಶುರುವಾಗಿ ದೊರೆಗಳನ್ನೂ ದೊರೆಗಳಂತೆ ವೇಷ ಹಾಕಿದ ನಮ್ಮವರನ್ನೂ ಲೇವಡಿ ಮಾಡಿತು. ಬೆಂಗಳೂರಿನಲ್ಲಿ 1942ರಲ್ಲಿ ರಾಶಿಯವರ 'ಕೊರವಂಜಿ' ಬಂತು. ಅಕ್ಬರ್ ಇಲಾಹಾಬಾದಿ ಮೌಲ್ವಿಯನ್ನೂ ಬಿಡಲಿಲ್ಲ, ಕೋಟು ತೊಟ್ಟ ಮಿಸ್ಟರನ್ನೂ ಬಿಡಲಿಲ್ಲ. 1857ರ ನಂತರ ದೆಹಲಿಯಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ಗಾಲಿಬ್‌ನನ್ನು ನಿಲ್ಲಿಸಿ ನೀನು ಮುಸಲ್ಮಾನನೇ ಎಂದು ಕೇಳಿದಾಗ ಆತ ಅರ್ಧ ಎಂದನಂತೆ. ಮದ್ಯ ಕುಡಿಯುತ್ತೇನೆ, ಹಂದಿ ತಿನ್ನುವುದಿಲ್ಲ ಎಂದು ವಿವರಣೆ ಕೊಟ್ಟನಂತೆ. ಹಾಲಿಯವರು ದಾಖಲಿಸಿದ ಈ ಪ್ರಸಂಗ ಕೇಳಿ ನಗದ ಮುಸಲ್ಮಾನನನ್ನು ನಾನು ನೋಡಿಲ್ಲ. ಇಲ್ಲಿ ಧರ್ಮವೂ ಇದೆ, ನಗೆಯೂ ಇದೆ. ಆದರೆ ಬಂದೂಕು ಇದ್ದದ್ದು ಎದುರಿನವನ ಕೈಯಲ್ಲಿ. ನಕ್ಕವನು ತನ್ನನ್ನೇ ಪಣಕ್ಕಿಟ್ಟು ನಕ್ಕಿದ್ದ.

ಇನ್ನೊಂದು ನಗೆಯನ್ನೂ ನಾನು ಬಲ್ಲೆ. ನಾಲ್ಕನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಐದಕ್ಕೆ ಕನ್ನಡ ಶಾಲೆಗೆ ಸೇರಿದಾಗ ನನ್ನ ಕನ್ನಡ ಕೇಳಿ ಇಡೀ ತರಗತಿ 'ನಮ್ದುಕೆ ನಿಮ್ದುಕೆ' ಎಂದು ಅಣಕಿಸುತ್ತಿತ್ತು. ಎಲ್ಲರಿಗಿಂತ ಜೋರಾಗಿ ಅಣಕಿಸುತ್ತಿದ್ದ ಹುಡುಗನಿಗೆ 'ಹ'ಕಾರ ಬರುತ್ತಿರಲಿಲ್ಲ. ಹಾಲನ್ನು ಆಲು ಎನ್ನುತ್ತಿದ್ದ. ಒಂದು ದಿನ ನಾನೂ ಅವನನ್ನು ಅಣಕಿಸಿದೆ. ಮೇಷ್ಟ್ರು ಇಬ್ಬರ ಕಿವಿಯನ್ನೂ ಹಿಂಡಿದರು. ಲೆಕ್ಕ ಚುಕ್ತಾ ಆಯಿತು, ಮರುದಿನದಿಂದ ಒಂದೇ ಬೆಂಚಿನಲ್ಲಿ ಕುಳಿತೆವು. ಆದರೆ ಸಿನಿಮಾ ಟೆಂಟಿನಲ್ಲಿ ಸಾಬಿಯ ಪಾತ್ರ ಬಂದು ಅದೇ ಮುರುಕು ಕನ್ನಡ ಆಡಿದಾಗ ಜನ ಗೊಳ್ಳೆಂದು ನಗುತ್ತಿದ್ದರಲ್ಲ, ಆ ನಗೆಗೆ ತಿರುಗಿ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಕತ್ತಲಲ್ಲಿ ಕುಳಿತವರ ಮುಖ ಕಾಣುತ್ತಿರಲಿಲ್ಲ. ಎರಡು ನಗೆಗಳ ನಡುವಿನ ವ್ಯತ್ಯಾಸ ನನಗೆ ತಿಳಿದದ್ದು ಅಲ್ಲಿ. ನಗಿಸಿಕೊಂಡವನು ತಿರುಗಿ ನಗುವಂತಿರಬೇಕು. ನಕ್ಕವನಿಗೆ ಒಂದು ಮುಖವಿರಬೇಕು. ಬುಲ್ಲಿ ಬಾಯಿಯ ನಗೆಯಲ್ಲಿ ಎರಡೂ ಇಲ್ಲ. ಹೆಂಗಸರದ್ದು ನಿಜವಾದ ಹೆಸರು, ನಿಜವಾದ ಮುಖ. ನಕ್ಕವರದ್ದು ಮುಖವಾಡ.

ಆ ಮುಖವಾಡವಾದರೂ ಯಾರದ್ದು? ಎರಡನೆಯ ಆ್ಯಪನ್ನು ಹರಡಿದ ಖಾತೆಗಳಿಗೆ ಸಿಖ್ಖರ ಹೆಸರುಗಳಿದ್ದವು, 'ಖಾಲ್ಸಾ' ಎಂಬ ಪದವಿತ್ತು. ಇದನ್ನೆಲ್ಲ ಸಿಖ್ಖರು ಮಾಡಿದ್ದಾರೆಂದು ತೋರಿಸುವ ಉದ್ದೇಶವಿತ್ತೆಂದು ಮುಂಬೈ ಪೊಲೀಸರು ಹೇಳಿದರು. ದೆಹಲಿಯ ಗಡಿಯಲ್ಲಿ ರೈತರ ಧರಣಿ ಮುಗಿದು ಆಗಿನ್ನೂ ಒಂದು ತಿಂಗಳಾಗಿತ್ತಷ್ಟೆ. ಒಂದು ಸಮುದಾಯದ ಹೆಂಗಸರಿಗೆ ಅವಮಾನ, ಇನ್ನೊಂದು ಸಮುದಾಯದ ತಲೆಗೆ ಆರೋಪ. ಒಂದೇ ಕಲ್ಲು, ಎರಡು ಹಕ್ಕಿ.

ಇದನ್ನು ಓದಿದಾಗ ನನಗೆ ನನ್ನದೇ ಒಂದು ಪಾಪ ನೆನಪಾಯಿತು. ಹುಡುಗನಾಗಿದ್ದಾಗ ನಾನು ಒಬ್ಬ ಸರ್ದಾರ್ಜಿಯನ್ನೂ ಕಣ್ಣಾರೆ ಕಂಡಿರಲಿಲ್ಲ. ಆದರೆ ಸರ್ದಾರ್ಜಿ ಜೋಕುಗಳು ಐವತ್ತಾದರೂ ಬಾಯಿಪಾಠವಾಗಿದ್ದವು. ಇಂಥ ಜೋಕುಗಳನ್ನು ತಡೆಯಬೇಕೆಂದು ಸಿಖ್ ವಕೀಲೆಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದಾಗ, ನಾಗರಿಕರಿಗೆ ನೈತಿಕ ನಿಯಮಗಳನ್ನು ಹಾಕಿಕೊಡಲು ತನಗಾಗದೆಂದು 2017ರಲ್ಲಿ ನ್ಯಾಯಾಲಯ ಹೇಳಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಿರಬಹುದು. ಕೋರ್ಟಿಗೆ ಆಗದ ಆ ಕೆಲಸ ನಮ್ಮ ನಮ್ಮ ಪಾಲಿಗೆ ಉಳಿಯಿತು. ಆಗಲೂ ನಾನು ನನ್ನ ವಾಟ್ಸಾಪ್ ಗುಂಪಿನಲ್ಲಿ ಸರ್ದಾರ್ಜಿ ಜೋಕು ಬಂದಾಗ ನಗುವಿನ ಗುರುತು ಒತ್ತುತ್ತಲೇ ಇದ್ದೆ. ಹರಾಜಿನ ಆ್ಯಪಿಗೂ ಇದಕ್ಕೂ ಅಜಗಜಾಂತರವಿದೆ, ನಿಜ. ಆದರೆ 'ಅವರೆಲ್ಲ ಒಂದೇ' ಎಂಬ ಮೊದಲ ಮೆಟ್ಟಿಲು ಎರಡಕ್ಕೂ ಒಂದೇ.

ಇನ್ನು ನಮ್ಮ ಪ್ರತಿಕ್ರಿಯೆಯ ವಿಷಯ. ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇಲ್ಲಿದೆ.

ಆ ದಿನಗಳಲ್ಲಿ ನಮ್ಮ ಸಭೆಗಳಲ್ಲಿ, ಹೇಳಿಕೆಗಳಲ್ಲಿ, ಚಹಾದಂಗಡಿಯ ಮಾತುಗಳಲ್ಲಿ ಪದೇ ಪದೇ ಕೇಳಿಬಂದ ಮಾತು 'ನಮ್ಮ ಹೆಣ್ಣುಮಕ್ಕಳ ಮಾನ', 'ಕೌಮ್‌ನ ಇಜ್ಜತ್'. ಹೇಳಿದವರ ನೋವು ನಿಜವಾದದ್ದು. ನಾನೂ ಹಾಗೆಯೇ ಹೇಳಿದೆ. ಆದರೆ ಈ ಮಾತನ್ನು ಆ ಆ್ಯಪ್‌ನ ಪಕ್ಕದಲ್ಲಿಟ್ಟು ಓದಿ ನೋಡಿ. ಹರಾಜಿಗಿಟ್ಟವರು, ಈ ಹೆಂಗಸರು ಒಂದು ಕೌಮ್‌ನ ಸೊತ್ತು, ಸೊತ್ತಿಗೆ ಕೈಹಾಕಿದರೆ ಒಡೆಯನಿಗೆ ಉರಿಯುತ್ತದೆ ಎಂದು ಲೆಕ್ಕ ಹಾಕಿದ್ದರು. ನಾವು ಉರಿದುಕೊಂಡು ಅವರ ಲೆಕ್ಕವನ್ನು ಸರಿಯೆಂದು ಒಪ್ಪಿದೆವು. ಆ ಹೆಂಗಸು ಪೈಲಟ್ ಎಂಬುದನ್ನು, ಪತ್ರಕರ್ತೆ ಎಂಬುದನ್ನು, ಮಗನನ್ನು ಕಳೆದುಕೊಂಡ ತಾಯಿ ಎಂಬುದನ್ನು ಅವರು ಅಳಿಸಿದರು. ಮಾನ ಎಂಬ ಒಂದೇ ಪದ ಬಳಸಿ ನಾವೂ ಅಳಿಸಿದೆವು.

ಉರ್ದು ಓದಿದವರಿಗೆ ಇಲ್ಲಿ ರಾಜೇಂದರ್ ಸಿಂಗ್ ಬೇದಿಯವರ 'ಲಾಜವಂತಿ' ನೆನಪಾಗದೆ ಇರದು. ಬೇದಿ ಸಿಖ್ಖರು, ಬರೆದದ್ದು ಉರ್ದುವಿನಲ್ಲಿ. ಲಾಜವಂತಿ ಎಂದರೆ ನಾವು ಮುಟ್ಟಿದರೆ ಮುನಿ ಎನ್ನುವ ಗಿಡ. ಕಥೆಯ ನಾಯಕಿಯ ಹೆಸರೂ ಅದೇ. ದೇಶ ವಿಭಜನೆಯ ಗಲಭೆಯಲ್ಲಿ ಅವಳು ಅಪಹರಣವಾಗುತ್ತಾಳೆ. ಗಂಡ ಸುಂದರ್‌ಲಾಲ್, ಹಿಂತಿರುಗಿ ಬಂದ ಹೆಂಗಸರನ್ನು ಮನೆಗೆ ಸೇರಿಸಿಕೊಳ್ಳಿ ಎಂದು ಬೀದಿ ಬೀದಿಯಲ್ಲಿ ಪ್ರಚಾರ ಮಾಡುವ ಸುಧಾರಕ. ಗಡಿಯಲ್ಲಿ ಹೆಂಗಸರ ವಿನಿಮಯ ನಡೆಯುವಾಗ ವಯಸ್ಸಾದವರನ್ನು ಕೊಟ್ಟಿರಿ ಎಂದು ಸ್ವಯಂಸೇವಕರು ಚೌಕಾಸಿಗಿಳಿಯುವ ದೃಶ್ಯವೂ ಕಥೆಯಲ್ಲಿದೆ. ಕೊನೆಗೆ ಲಾಜೋ ಮರಳಿ ಬರುತ್ತಾಳೆ. ಮೊದಲು ಹೊಡೆಯುತ್ತಿದ್ದ ಗಂಡ ಈಗ ಅವಳನ್ನು ದೇವಿ ಎಂದು ಕರೆಯುತ್ತಾನೆ, ಕೈಯೆತ್ತುವುದಿಲ್ಲ. ಆದರೆ ಅವಳು ತನಗೆ ಆದದ್ದನ್ನು ಹೇಳಲು ಬಾಯಿ ತೆರೆದರೆ ಕೇಳಿಸಿಕೊಳ್ಳುವುದಿಲ್ಲ. ಕಳೆದದ್ದು ಬಿಡು ಎಂದು ಮುಚ್ಚಿಸುತ್ತಾನೆ. ಲಾಜೋಗೆ ಗೌರವ ಸಿಗುತ್ತದೆ, ಕಿವಿ ಸಿಗುವುದಿಲ್ಲ. ಬೇದಿಯವರು ಯಾರನ್ನೂ ಖಳನನ್ನಾಗಿ ಮಾಡದೆ ಇದನ್ನು ಹೇಳುತ್ತಾರೆ. ಕಥೆಯ ಬಲವಿರುವುದು ಅದರಲ್ಲಿ.

ಇದು ಬರಿಯ ಕಥೆಯೂ ಆಗಿರಲಿಲ್ಲ. ಅಪಹೃತರನ್ನು ಮರಳಿ ತರಲು 1949ರಲ್ಲಿ ನಮ್ಮ ಸಂವಿಧಾನ ಸಭೆ ಮಾಡಿದ ಕಾಯಿದೆಯಲ್ಲಿ ಆ ಹೆಂಗಸಿನ ಒಪ್ಪಿಗೆ ಕೇಳಬೇಕೆಂಬ ಕಟ್ಟಳೆಯೇ ಇರಲಿಲ್ಲ. ಹೋಗಲು ಒಲ್ಲೆ ಎಂದವರನ್ನೂ ಕಳುಹಿಸಲಾಯಿತು. ಎರಡು ದೇಶಗಳ ಮಾನದ ಲೆಕ್ಕ ಸರಿಹೋಗಬೇಕಿತ್ತು. "ತೆಗೆದುಬಿಡು ಬೇಟಾ" ಎಂದಾಗ ನಾನೂ ಒಬ್ಬ ಸಣ್ಣ ಸುಂದರ್‌ಲಾಲನಾಗಿದ್ದೆ.

ಮಾನದ ಮಾತು ಬೀದಿಗಿಳಿದರೆ ಏನಾಗುತ್ತದೆಂಬುದನ್ನು ಬೆಂಗಳೂರು ಕಂಡಿದೆ. 1986ರ ಡಿಸೆಂಬರಿನಲ್ಲಿ ಇಲ್ಲಿನ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ಬಂದ ಒಂದು ಸಣ್ಣಕಥೆಯ ಹೆಸರಿನಲ್ಲಿ ಗಲಭೆಯಾಗಿ ಹಲವರು ಸತ್ತರು. 2020ರ ಆಗಸ್ಟ್ 11ರ ರಾತ್ರಿ, ಪ್ರವಾದಿಯವರನ್ನು ಅವಹೇಳನ ಮಾಡಿದ ಫೇಸ್‌ಬುಕ್ ಬರಹವೊಂದರಿಂದ ಕೆರಳಿದ ಗುಂಪು ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಠಾಣೆಗೆ ನುಗ್ಗಿತು, ವಾಹನಗಳಿಗೆ ಬೆಂಕಿಯಿಟ್ಟಿತು, ಶಾಸಕರೊಬ್ಬರ ಮನೆ ಸುಟ್ಟಿತು. ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ನೂರಾರು ಮಂದಿ ಜೈಲು ಸೇರಿದರು. ಹಲವರ ಮೇಲೆ ಯುಎಪಿಎ ಬಿತ್ತು. ಅದೇ ರಾತ್ರಿ ಕೆಲವು ಮುಸ್ಲಿಮ್ ಹುಡುಗರು ಹನುಮಂತನ ಗುಡಿಯ ಸುತ್ತ ಕೈಗೆ ಕೈ ಹಿಡಿದು ಸರಪಳಿಯಾಗಿ ನಿಂತರು. ಅದನ್ನು ಮರೆಯಬಾರದು. ಆದರೆ ಸತ್ತವರ ಮನೆಯವರಿಗೆ, ಜೈಲಿಗೆ ಹೋದವರ ತಾಯಂದಿರಿಗೆ ಆ ಬರಹದಿಂದ ಆದ ನಷ್ಟಕ್ಕಿಂತ ನಮ್ಮ ಕೋಪದಿಂದ ಆದ ನಷ್ಟ ದೊಡ್ಡದು. ಇಂಗ್ಲಿಷಿನಲ್ಲಿ 'ಟ್ರೋಲ್' ಎಂಬ ಪದಕ್ಕೆ ಗಾಳ ಹಾಕಿ ನೀರಿನಲ್ಲಿ ಎಳೆಯುತ್ತ ಹೋಗುವುದು ಎಂಬ ಅರ್ಥವಿದೆ. ಗಾಳ ಕಂಡೊಡನೆ ಬಾಯಿ ಹಾಕುವ ಮೀನಿಗಾಗಿಯೇ ಅವರು ಕಾದಿರುತ್ತಾರೆ.

ಇದರ ಪಕ್ಕದಲ್ಲಿ ಆ ಹೆಂಗಸರು ಮಾಡಿದ್ದನ್ನು ಇಟ್ಟು ನೋಡಿ. ಅವರು ಗುಂಪು ಕಟ್ಟಿ ಕಲ್ಲೆಸೆಯಲಿಲ್ಲ. ಬಾಯಿ ಮುಚ್ಚಿ ಮೂಲೆಯಲ್ಲಿಯೂ ಕೂರಲಿಲ್ಲ. ಪೈಲಟ್ ತಮ್ಮ ಹೆಸರಿನಲ್ಲೇ ದೂರು ಕೊಟ್ಟರು. ದೆಹಲಿಯ ಯುವ ಪತ್ರಕರ್ತೆಯೊಬ್ಬರು ಹೊಸ ವರ್ಷದ ಮೊದಲ ದಿನವೇ ಪೊಲೀಸರಿಗೆ ದೂರು ಬರೆದರು. ಪತ್ರಿಕೆಗಳಲ್ಲಿ ತಮ್ಮ ಮಾತನ್ನು ತಾವೇ ಬರೆದರು. ಹಾಗೆ ಬರೆದದ್ದಕ್ಕೇ 2022ರ ಜನವರಿಯಲ್ಲಿ ಬಂಧನಗಳಾದವು. ಬೆಂಗಳೂರಿನಲ್ಲಿ ಓದುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿ, ಉತ್ತರಾಖಂಡದ ಹದಿನೆಂಟರ ಹುಡುಗಿ, ಅಸ್ಸಾಮಿನಲ್ಲಿ ಒಬ್ಬ, ಇಂದೋರಿನಲ್ಲಿ ಇನ್ನೊಬ್ಬ. ಎಲ್ಲ ಓದಿದ ಮಕ್ಕಳು, ಮೂವತ್ತು ದಾಟದವರು. ಕೆಲವೇ ತಿಂಗಳಲ್ಲಿ ಅವರಿಗೆ ಜಾಮೀನೂ ಸಿಕ್ಕಿತು.

ಆ ಹುಡುಗಿ ಈಚೆಗಷ್ಟೇ ತಂದೆತಾಯಿಯನ್ನು ಕಳೆದುಕೊಂಡವಳೆಂದು ತಿಳಿದಾಗ ಕವಿ ಜಾವೇದ್ ಅಖ್ತರ್, ನೊಂದ ಮಹಿಳೆಯರು ಹಿರಿಯರಂತೆ ಅವಳನ್ನು ಕಂಡು ತಿಳಿಹೇಳಿ ಕ್ಷಮಿಸಬೇಕೆಂದು ಸಲಹೆ ಕೊಟ್ಟರು. ಅದರ ಹಿಂದಿನ ಕರುಣೆ ನನಗೆ ಅರ್ಥವಾಗುತ್ತದೆ. ಹದಿನೆಂಟರ ಮಗುವನ್ನು ಇಂಥದ್ದಕ್ಕೆ ಹಚ್ಚಿದ ಗಾಳಿ ಯಾವುದೆಂಬ ಪ್ರಶ್ನೆ ಅವಳೊಬ್ಬಳನ್ನು ಶಿಕ್ಷಿಸುವುದಕ್ಕಿಂತ ದೊಡ್ಡದು. ಆದರೂ ನನಗೆ ಅನುಮಾನವಿದೆ. ಕೋಪವನ್ನು ಅವರ ಪರವಾಗಿ ನಾವು ಮಾಡಿದೆವು. ಈಗ ಕ್ಷಮೆಯನ್ನೂ ನಾವೇ ಸೂಚಿಸಬೇಕೇ? ಎರಡೂ ಅವರ ಹಕ್ಕು. ಕೊಟ್ಟರೆ ಕೊಡಲಿ, ಬಿಟ್ಟರೆ ಬಿಡಲಿ. ನಮ್ಮ ಕೆಲಸ ಅವರು ಹೇಳುವುದನ್ನು ಕೇಳಿಸಿಕೊಳ್ಳುವುದು.

ಕುರ್‌ಆನಿನ 'ಅಲ್ ಹುಜುರಾತ್' ಅಧ್ಯಾಯ ಒಂದು ಜನಾಂಗ ಇನ್ನೊಂದನ್ನು ಗೇಲಿ ಮಾಡುವುದನ್ನು, ಅಡ್ಡಹೆಸರಿಟ್ಟು ಕರೆಯುವುದನ್ನು ನಿಷೇಧಿಸುತ್ತದೆ. ಗೇಲಿಯ ಮಾತು ಬಂದಾಗ ಹೆಂಗಸರನ್ನು ಬೇರೆಯಾಗಿಯೇ ಹೆಸರಿಸುತ್ತದೆ. ಈ ವಚನವನ್ನು ನಾವು ಇತರರಿಗೆ ತೋರಿಸಲು ಬಳಸುತ್ತೇವೆ. ಆದರೆ ಅದು ಮಾತನಾಡಿಸುವುದು ವಿಶ್ವಾಸಿಗಳನ್ನು, ಅಂದರೆ ಮೊದಲು ನಮ್ಮನ್ನು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇತರ ಧರ್ಮದವರ ಬಗ್ಗೆ, ನಮ್ಮಲ್ಲೇ ಬೇರೆ ಜಮಾಅತ್‌ನವರ ಬಗ್ಗೆ, ಬುರ್ಖಾ ತೊಟ್ಟ ಮತ್ತು ತೊಡದ ಹೆಂಗಸರ ಬಗ್ಗೆ ಹರಿದಾಡುವ ನಗೆಯನ್ನು ಒಂದು ದಿನ ಕೂತು ಎಣಿಸಿದರೆ ಸಾಕು, ಆ ಅಧ್ಯಾಯ ಯಾರಿಗೆ ಬೇಕಾಗಿದೆ ಎಂಬುದು ತಿಳಿಯುತ್ತದೆ.

ಹರಾಜು ಎಂಬ ಕನ್ನಡ ಪದ ಅರಬಿ ಮೂಲದ್ದು. ಅದಕ್ಕೆ ಇನ್ನೊಂದು ಹೆಸರಾದ ಲಿಲಾವು ಪೋರ್ಚುಗೀಸರಿಂದ ಬಂದದ್ದು. ಮಾರುವವರು, ಕೊಳ್ಳುವವರು, ನೋಡುವವರು ಎಲ್ಲ ಕಾಲದಲ್ಲೂ ಎಲ್ಲ ಕಡೆಯಿಂದಲೂ ಬಂದಿದ್ದಾರೆ. ಮಾರಾಟದ ಕಟ್ಟೆಯ ಮೇಲೆ ನಿಲ್ಲಿಸಿದವಳ ಮಾತಿಗೆ ಮಾತ್ರ ಯಾವ ಭಾಷೆಯಲ್ಲೂ ಪದ ಹುಟ್ಟಲಿಲ್ಲ.

ಅಕ್ಕನ ಮಗಳ ಓದು ಮುಗಿದಿದೆ, ಈಗ ಕೆಲಸದಲ್ಲಿದ್ದಾಳೆ. ಹೋದ ಈದ್‌ಗೆ ಬಂದಾಗ ಆ ರಾತ್ರಿಯ ಫೋನಿನ ಮಾತು ತೆಗೆದೆ. ನಾನು ತಪ್ಪು ಮಾಡಿದೆ ಎಂದೆ. ಅವಳು ಸೇವಯಿಯ ಬಟ್ಟಲು ಕೆಳಗಿಟ್ಟು, "ಮಾಮೂ, ಆವತ್ತು ತೆಗೀಬೇಕೋ ಬೇಡವೋ ಅಂತ ನಾನು ನಿಮ್ಮನ್ನ ಕೇಳಿದ್ದಲ್ಲ. ಭಯ ಆಗಿತ್ತು, ಅದನ್ನ ಹೇಳೋಕೆ ಫೋನ್ ಮಾಡಿದ್ದೆ" ಎಂದಳು.

ಆಮೇಲೆ ಅವಳು ಹೇಳುತ್ತ ಹೋದಳು. ನಾನು ಕೇಳುತ್ತ ಕುಳಿತೆ.